ತುಳಜಾಪುರದಿಂದ ಬಂದ ದೀವಟಿಗೆ

ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ರಬಕವಿಯಲ್ಲಿ ಸಾಂಗಲಿ ಸಂಸ್ಥಾನದ ಆಡಳಿತ. ರಬಕವಿಗೆ ಅಂಟಿಕೊಂಡೇ ಇರುವ ಬನಹಟ್ಟಿ ಮಾತ್ರ ಜಮಖಂಡಿಗೆ ಸೇರಿದ್ದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಒಂದು ದಿನದಲ್ಲಿ ಚಕ್ಕಡಿ ಹೂಡಿಕೊಂಡು ಹೋಗಿ ಬರಬಹುದಾದಷ್ಟು ಹತ್ತಿರದ ಊರುಗಳು ಇವು. ಆದರೂ 1948ರಲ್ಲಿ ಸಂಸ್ಥಾನಗಳು ವಿಲೀನವಾಗುವ ತನಕ ಇವುಗಳ ಕಚೇರಿ ಬೇರೆ, ಕಾಯ್ದೆ ಬೇರೆ, ದೊರೆ ಬೇರೆ. 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು. 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿವೆ.

ದರಬಾರಿನಲ್ಲಿ ಮರಾಠಿ, ಸಂತೆಯಲ್ಲಿ ಕನ್ನಡ. ತಲೆಮಾರುಗಳ ಕಾಲ ಈ ಸೀಮೆ ಹೀಗೆಯೇ ಬದುಕಿತು. ದಂಡಿನ ಜೊತೆ ಸರದಾರರು ಬಂದರು, ಅವರ ಹಿಂದೆ ಕುಲಕರ್ಣಿಗಳು, ಕೀರ್ತನಕಾರರು, ಶಿಂಪಿಗಳು, ನೇಕಾರರು. ಬಂದವರು ತಮ್ಮ ಮನೆದೇವರನ್ನು ಬಿಟ್ಟು ಬರಲಿಲ್ಲ. ಮನೆದೇವರು ತುಳಜಾಪುರದ ಅಂಬಾಭವಾನಿಯಾದರೆ ಆ ಮನೆಯಲ್ಲಿ ಮದುವೆ ಮುಗಿದ ಮೇಲೆ ಗೊಂದಲ, ಅಂದರೆ ದೇವಿಯ ಹೆಸರಿನ ಹಾಡು–ಕಥೆಯ ರಾತ್ರಿ ಸೇವೆ, ಹಾಕಿಸಲೇಬೇಕು. ಗೊಂದಲ ಹಾಕುವುದಕ್ಕೆ ಗೊಂದಲಿಗರೇ ಬೇಕು. ಹೀಗೆ ಗೊಂದಲಿಗರೂ ಬಂದರು, ಇಲ್ಲೇ ನೆಲೆ ನಿಂತರು. ಇಂದಿಗೂ ಮನೆಯೊಳಗೆ ಮರಾಠಿ ಮಾತಾಡುವ ಈ ಜನ ಹಾಡುವುದು ಕನ್ನಡದಲ್ಲಿ. ಈ ಭಾಗದ ಕಲಾಸಂಸ್ಥೆಗಳ ಚರಿತ್ರೆ ಬರೆಯುವಾಗ ನಾಟಕ ಕಂಪನಿ, ಭಜನಾ ಮಂಡಳಿ, ವಾಚನಾಲಯಗಳ ಹೆಸರು ತಪ್ಪದೆ ಬರುತ್ತವೆ. ಕಟ್ಟಡವಿಲ್ಲ, ನೋಂದಣಿಯಿಲ್ಲ, ಅಧ್ಯಕ್ಷ–ಕಾರ್ಯದರ್ಶಿಗಳಿಲ್ಲ ಎಂಬ ಕಾರಣಕ್ಕೆ ಗೊಂದಲಿಗರ ಮೇಳ ಆ ಪಟ್ಟಿಯಿಂದ ಹೊರಗುಳಿಯುತ್ತದೆ. ಹಾಗೆ ಉಳಿಯಬಾರದು. ಆ ಪಟ್ಟಿಯ ಬಹುಪಾಲು ಸಂಸ್ಥೆಗಳಿಗಿಂತ ಅದು ಹಳೆಯದು.

ಗೊಂದಲ ನಡೆಯುವ ಬಗೆ ಹೀಗೆ. ಕತ್ತಲಾದ ಮೇಲೆ ಅಂಗಳದಲ್ಲೋ ಪಡಸಾಲೆಯಲ್ಲೋ ಮಣೆಯೊಂದನ್ನಿಟ್ಟು ಅದರ ಮೇಲೆ ಹೊಸ ಖಣ ಹಾಸುತ್ತಾರೆ. ಖಣದ ಮೇಲೆ ಅಕ್ಕಿ ಹರಡಿ ಚೌಕ ತುಂಬುತ್ತಾರೆ. ನಡುವೆ ಕಲಶ, ಅದರ ಬಾಯಿಗೆ ವೀಳ್ಯದೆಲೆ, ಮೇಲೆ ತೆಂಗಿನಕಾಯಿ. ಸುತ್ತ ಅಡಿಕೆ, ಉತ್ತತ್ತಿ, ಅರಿಸಿನ ಬೇರು. ಪಕ್ಕದಲ್ಲಿ ಎಣ್ಣೆ ಕುಡಿದ ದೀವಟಿಗೆ. ಮೇಳದ ನಾಯಕನಿಗೆ ಮೊಳಕಾಲಿನ ಕೆಳಗಿಳಿಯುವ ಅಂಗಿ, ತಲೆಗೆ ರುಮಾಲು, ಕೊರಳಿಗೆ ಕವಡೆ ಸರ, ಹಣೆ ತುಂಬ ಭಂಡಾರ–ಕುಂಕುಮ. ಅವನ ಜೊತೆಗೆ ಸಂಬಾಳ ನುಡಿಸುವವನೊಬ್ಬ, ತುಂತುಣಿ ಹಿಡಿದವನೊಬ್ಬ, ತಾಳದವನೊಬ್ಬ.

ಸಂಬಾಳವೆಂದರೆ ಒಂದಕ್ಕೊಂದು ಬಿಗಿದ ಎರಡು ಪುಟ್ಟ ನಗಾರಿಗಳು. ಒಂದರದು ಏರುದನಿ, ಇನ್ನೊಂದರದು ಇಳಿದನಿ. ನಡುವಿಗೆ ಕಟ್ಟಿಕೊಂಡು ನಿಂತೇ ಬಾರಿಸಬೇಕು. ಎರಡು ಕೋಲುಗಳಲ್ಲಿ ಒಂದರ ತುದಿ ಬಾಗಿರುತ್ತದೆ. ಆ ಬಾಗಿದ ತುದಿ ಚರ್ಮಕ್ಕೆ ತಾಗಿ ಜಾರಿದಾಗ ಏಳುವ ನಾದ ತಬಲಾದಿಂದಲೂ ಬಾರದು, ಡೊಳ್ಳಿನಿಂದಲೂ ಬಾರದು. ತುಂತುಣಿಗೆ ಇರುವುದು ಒಂದೇ ತಂತಿ. ರಾತ್ರಿಯೆಲ್ಲ ಅದು ಒಂದೇ ಶ್ರುತಿಯಲ್ಲಿ ಮಿಡಿಯುತ್ತದೆ. ಹಾಡುಗಾರನ ದನಿ ಎಷ್ಟೇ ಮೇಲೆ ಹೋದರೂ ಮರಳಿ ಬಂದು ಕೂಡುವುದು ಅಲ್ಲಿಗೇ. ಕುಣಿತ ಅಬ್ಬರದ್ದಲ್ಲ. ನಾಯಕ ಮುಂದಕ್ಕೆ ನಾಲ್ಕು ಹೆಜ್ಜೆ ಹಾಕಿ, ಗಿರಕಿ ಹೊಡೆದು, ಹಿಂದೆ ಸರಿದು ಮಾತಿಗೆ ನಿಲ್ಲುತ್ತಾನೆ. ಜೊತೆಗಾರ ಏನೂ ತಿಳಿಯದವನಂತೆ ಪ್ರಶ್ನೆ ಕೇಳುತ್ತಾನೆ. ಆ ಪ್ರಶ್ನೆಯಿಂದಲೇ ಕಥೆ ಮುಂದೆ ಸಾಗುತ್ತದೆ. ನಿದ್ದೆಗೆ ಜಾರುವ ಮಕ್ಕಳನ್ನು ನಗಿಸಿ ಬೆಳಗಿನ ಆರತಿಯವರೆಗೂ ಎಚ್ಚರವಾಗಿ ಇಡುವವನೂ ಅವನೇ.

ಕಥೆಗೂ ಮೊದಲು ಕರೆಯುವ ಹಾಡು ಬರುತ್ತದೆ. ಗಣಪತಿಯಿಂದ ಶುರುವಾಗಿ ಒಂದೊಂದೇ ಊರಿನ ದೇವರನ್ನು ಹೆಸರಿಟ್ಟು ಗೊಂದಲಕ್ಕೆ ಬಾ ಎಂದು ಕರೆಯುತ್ತಾರೆ: ತುಳಜಾಪುರದ ಭವಾನಿ, ಮಾಹೂರಿನ ರೇಣುಕೆ, ಕೊಲ್ಲಾಪುರದ ಮಹಾಲಕ್ಷ್ಮಿ, ಜೇಜುರಿಯ ಖಂಡೋಬಾ, ಪಂಢರಪುರದ ವಿಠ್ಠಲ. ಕನ್ನಡ ಸೀಮೆಯ ಮೇಳಗಳಲ್ಲಿ ಸವದತ್ತಿಯ ಎಲ್ಲಮ್ಮನೂ ಆ ಸಾಲಿಗೆ ಬರುತ್ತಾಳೆ. ಊರು ಬಿಟ್ಟು ಬಂದ ಜನಕ್ಕೆ ತಾವು ಬಿಟ್ಟು ಬಂದ ದಾರಿಯನ್ನು ನೆನಪಿನಲ್ಲಿಡಲು ಇದಕ್ಕಿಂತ ಗಟ್ಟಿಯಾದ ಉಪಾಯ ಇದ್ದಿರಲಾರದು. ಮಾಹೂರನ್ನು ಕಣ್ಣಾರೆ ಕಾಣದ ಮುಧೋಳದ ಹುಡುಗನಿಗೂ ಮಾಹೂರು ಬಾಯಿಪಾಠ.

ಈ ಕಲೆ ಬರೀ ಮರಾಠರ ಕಾಲದ್ದೆಂದು ತಿಳಿಯುವುದು ಸರಿಯಲ್ಲ. ಕಾಕತೀಯ ಗಣಪತಿದೇವನ ಗಜಸೇನೆಯ ಅಧಿಪತಿ ಜಾಯಸೇನಾಪತಿ ಹದಿಮೂರನೆಯ ಶತಮಾನದ ನಡುವಿನಲ್ಲಿ ‘ನೃತ್ತರತ್ನಾವಳಿ’ ಎಂಬ ಸಂಸ್ಕೃತ ಗ್ರಂಥ ಬರೆದ. ದೇಶೀ ನೃತ್ಯಗಳ ಮಾತು ಬಂದಾಗ ಅವನು ಕಲ್ಯಾಣದ ಕಡೆಗೆ ತಿರುಗುತ್ತಾನೆ. ಚಾಲುಕ್ಯ ಭೂಲೋಕಮಲ್ಲ ಸೋಮೇಶ್ವರ ತನ್ನ ರಾಜಧಾನಿಯ ಭೂತಮಾತೃ ಉತ್ಸವದಲ್ಲಿ ಭಿಲ್ಲ ಹೆಣ್ಣಿನ ವೇಷದ ನರ್ತನ ಕಂಡು ಮೆಚ್ಚಿದನೆಂದೂ, ಗೊಂಡಲಿ ಎಂಬ ನೃತ್ಯಕ್ಕೆ ರೂಪ ಕೊಟ್ಟವನು ಅವನೇ ಎಂದೂ ಹೇಳುತ್ತಾನೆ. ಈ ಸೋಮೇಶ್ವರ ‘ಮಾನಸೋಲ್ಲಾಸ’ದ ಕರ್ತೃ. 1126ರಿಂದ 1138ರವರೆಗೆ ಆಳಿದವನು. ಅವನ ಆಸ್ಥಾನದ ಗೊಂಡಲಿಯೂ ಇಂದಿನ ಗೊಂದಲವೂ ಒಂದೇ ಎಂದು ಸಾಧಿಸುವುದು ಪಂಡಿತರ ಕೆಲಸ. ಮರಾಠಿಯ ದೊಡ್ಡ ಸಂಶೋಧಕ ರಾ. ಚಿಂ. ಢೇರೆಯವರು ಮಹಾರಾಷ್ಟ್ರದ ಜನಪದ ಉಪಾಸಕರ ಬಗ್ಗೆ ಬರೆಯುತ್ತ ಇಂಥ ನಂಟುಗಳನ್ನು ತಾಳ್ಮೆಯಿಂದ ಹುಡುಕಿದರು. ಇಷ್ಟಂತೂ ನಿಜ: ಕನ್ನಡ ನೆಲದ ರಾಜಧಾನಿಯೊಂದರಲ್ಲಿ ಆ ಹೆಸರಿನ ಕುಣಿತ ಒಂಬತ್ತು ಶತಮಾನಗಳ ಹಿಂದೆಯೇ ಅರಸನ ಕಣ್ಣಿಗೆ ಬಿದ್ದಿತ್ತು. ತುಳಜಾಪುರದಿಂದ ಕೃಷ್ಣಾ ತೀರಕ್ಕೆ ದೀವಟಿಗೆ ಹೊತ್ತು ತಂದವರು ಪೂರ್ತಿ ಪರಕೀಯ ನೆಲಕ್ಕೇನೂ ಬಂದಿರಲಿಲ್ಲ.

ಮುಧೋಳದಲ್ಲಿ ಗೊಂದಲಿಗರ ಇರವಿಗೆ ಇನ್ನೊಂದು ಮಗ್ಗುಲಿದೆ. ಮರಾಠಿಯ ಪೊವಾಡಾ, ಅಂದರೆ ವೀರಗೀತೆ, ಬಹುಕಾಲ ಗೊಂದಲಿಗರ ಬಾಯಲ್ಲಿದ್ದ ಪ್ರಕಾರ. ಅಫಜಲಖಾನನ ವಧೆಯ ಪೊವಾಡಾ ಶಿವಾಜಿಯ ಕಾಲದ್ದೇ. ಆ ಚರಿತ್ರೆಯಲ್ಲಿ ಮುಧೋಳದ ಘೋರ್ಪಡೆ ಮನೆತನ ನಿಂತದ್ದು ಎದುರು ಪಾಳೆಯದಲ್ಲಿ. 1648ರಲ್ಲಿ ಶಿವಾಜಿಯ ತಂದೆ ಶಹಾಜಿಯನ್ನು ಸೆರೆಹಿಡಿದವರಲ್ಲಿ ಆದಿಲಶಾಹಿಯ ಸರದಾರ ಬಾಜಿ ಘೋರ್ಪಡೆ ಮುಖ್ಯನಾದವನು. 1664ರಲ್ಲಿ ಶಿವಾಜಿ ಮುಧೋಳದ ಮೇಲೆ ಬಿದ್ದು ಅವನನ್ನು ಕೊಂದ. ಶಿವಾಜಿಯ ಕುಲದೇವತೆಯಾದ ಭವಾನಿಯನ್ನು ಹಾಡುವವರು ಘೋರ್ಪಡೆಯವರ ಊರಿನಲ್ಲೂ ಮರ್ಯಾದೆಯಿಂದ ಬಾಳಿದರು. ದೇವಿ ಎರಡೂ ಪಾಳೆಯಕ್ಕೆ ಸೇರಿದವಳು, ಹಾಡೂ ಹಾಗೆಯೇ. ಈ ವೀರಗೀತೆಯ ಗಾಳಿ ಕನ್ನಡದ ಲಾವಣಿಗೂ ಬೀಸಿರಬೇಕು. ಮುಧೋಳ ತಾಲೂಕಿನ ಹಲಗಲಿಯ ಬೇಡರು 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆಯ ವಿರುದ್ಧ ಎದ್ದು ಮಡಿದ ಮೇಲೆ ಹುಟ್ಟಿದ ಲಾವಣಿಯನ್ನು ಜೆ. ಎಫ್. ಫ್ಲೀಟ್ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದ. ಊರೂರು ತಿರುಗುವ ಹಾಡುಗಾರರಿಲ್ಲದೆ ಅದು ಫ್ಲೀಟನ ಕಿವಿಯವರೆಗೆ ತಲುಪುತ್ತಿರಲಿಲ್ಲ.

ಗೊಂದಲಿಗರ ಮೇಳವನ್ನು ಸಂಸ್ಥೆ ಎನ್ನುವುದು ಏಕೆ? ಅದು ನಿಂತದ್ದು ಹಕ್ಕಿನ ಮನೆಗಳ ಮೇಲೆ. ಇಂಥ ಊರಿನ ಇಂಥ ಮನೆತನಗಳ ಗೊಂದಲ ಇಂಥ ಕುಟುಂಬಕ್ಕೆ ಎಂಬ ಒಪ್ಪಂದ ಅಜ್ಜನ ಕಾಲದಿಂದ ನಡೆದು ಬರುತ್ತಿತ್ತು. ಮನೆಯವರು ಕಾಳು, ಬಟ್ಟೆ, ದಕ್ಷಿಣೆ ಕೊಡಬೇಕು. ಮೇಳದವರು ಮದುವೆ, ಮುಂಜಿವೆ, ಜವಳಗಳಿಗೆ ತಪ್ಪದೆ ಬರಬೇಕು. ಬೇರೆ ಮೇಳದವರು ಆ ಮನೆಗೆ ಕಾಲಿಡುವಂತಿಲ್ಲ. ಮಗ ತಂದೆಯ ಹಿಂದೆ ತಾಳ ಹಿಡಿದು ನಿಂತು ಕಲಿಯುತ್ತಾನೆ, ದನಿ ಒಡೆದ ಮೇಲೆ ಕಥೆಗೆ ಇಳಿಯುತ್ತಾನೆ. ಗುರುಕುಲ, ಬೊಕ್ಕಸ, ಕಾರ್ಯಕ್ರಮ ಪಟ್ಟಿ ಮೂರೂ ಇದರಲ್ಲೇ ಅಡಕ. ಬರಗಾಲ ಬಂದರೂ ದೊರೆ ಬದಲಾದರೂ ಕೆಡದ ಏರ್ಪಾಡು ಇದು.

ಜಗತ್ತಿನ ಬೇರೆ ಕಡೆ ನೆಲೆ ಬಿಟ್ಟವರು ಬೇರೆ ದಾರಿ ಹಿಡಿದರು. ಉಕ್ರೇನಿನ ಇಬ್ಬರು ರೈತರು 1891ರಲ್ಲಿ ಕೆನಡಾಕ್ಕೆ ಬಂದಿಳಿದರು, ಹಿಂದೆಯೇ ಸಾವಿರಾರು ಕುಟುಂಬಗಳು ಬಂದವು. 2021ರ ಜನಗಣತಿಯಲ್ಲಿ ಕೆನಡಾದ 12 ಲಕ್ಷಕ್ಕೂ ಹೆಚ್ಚು ಜನ ತಮ್ಮ ಮೂಲ ಉಕ್ರೇನ್ ಎಂದು ಬರೆಸಿದ್ದಾರೆ. ಮೊದಲಿಗೆ ಅವರ ಕುಣಿತಗಳೂ ಮದುವೆಮನೆಯ ಕುಣಿತಗಳೇ ಆಗಿದ್ದವು. ಅವನ್ನು ರಂಗಕ್ಕೆ ತಂದವನು ವಾಸಿಲ್ ಅವ್ರಮೆಂಕೊ. ಸೋತ ಸೈನ್ಯದ ಸೈನಿಕನಾಗಿ ಪೋಲೆಂಡಿನ ಕಾಲಿಶ್ ಬಂಧನ ಶಿಬಿರದಲ್ಲಿದ್ದಾಗಲೇ, 1921ರಲ್ಲಿ, ಅವನು ನೃತ್ಯಶಾಲೆ ತೆರೆದ. 1925ರ ಕೊನೆಗೆ ಕೆನಡಾ ಸೇರಿ ಊರೂರಿಗೂ ಹೋಗಿ ತರಗತಿ ನಡೆಸಿದ. 1931ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಹೌಸಿನಲ್ಲಿ ತನ್ನ ಶಿಷ್ಯರನ್ನು ಕುಣಿಸಿದ. 1959ರಲ್ಲಿ ಎಡ್ಮಂಟನ್‌ನಲ್ಲಿ ಹುಟ್ಟಿದ ಶುಮ್ಕಾ ತಂಡ ಇಂದಿಗೂ ಇದೆ. ಅಲ್ಲಿ ಹೆಜ್ಜೆಗಳನ್ನು ಬರೆದಿಟ್ಟರು, ಉಡುಪು ಗೊತ್ತು ಮಾಡಿದರು, ಶುಲ್ಕ ತೆಗೆದುಕೊಂಡು ಮಕ್ಕಳಿಗೆ ಶನಿವಾರದ ಪಾಠ ಹೇಳಿದರು. ಮೂರನೆಯ ತಲೆಮಾರಿಗೆ ಭಾಷೆ ಮರೆತರೂ ಹೆಜ್ಜೆ ಮರೆಯಲಿಲ್ಲ.

ಕೃಷ್ಣಾ ತೀರದ ಗೊಂದಲಿಗರು ಇದಕ್ಕೆ ವಿರುದ್ಧವಾದ ದಾರಿ ತುಳಿದರು. ಮನೆಮಾತು ಉಳಿಸಿಕೊಂಡರು, ಹಾಡಿನ ಭಾಷೆಯನ್ನೇ ಬದಲಿಸಿದರು. ಹಾಡಿಸುವ ಮನೆಗಳು ಮರಾಠಾ ಮನೆತನಗಳಷ್ಟೇ ಆಗಿ ಉಳಿಯಲಿಲ್ಲ. ದೇಶಸ್ಥ ಬ್ರಾಹ್ಮಣರು, ನೇಕಾರರು, ಕ್ಷತ್ರಿಯ ಸಮಾಜದವರು, ಎಲ್ಲಮ್ಮನಿಗೆ ನಡೆದುಕೊಳ್ಳುವ ಎಷ್ಟೋ ಒಕ್ಕಲು ಮನೆಯವರು ‘ಈ ವರ್ಷ ಗೊಂದ್ಲಾ ಹಾಕಸಬೇಕ್ರಿ’ ಎಂದು ಹರಕೆ ಹೊತ್ತರು. ಕೇಳುವವರ ಮನೆಯಲ್ಲಿ ಕನ್ನಡ ಇದ್ದಾಗ ಕಥೆಯೂ ಕನ್ನಡವಾಗಲೇಬೇಕಾಯಿತು. ಸತ್ಯಹರಿಶ್ಚಂದ್ರನ ಹೆಂಡತಿ ಜಮಖಂಡಿ ಕಡೆಯ ಗರತಿಯ ಮಾತಿನಲ್ಲಿ ಅತ್ತಳು. ಕರೆಯುವ ಹಾಡು ಮಾತ್ರ ಕೆಲವು ಮೇಳಗಳಲ್ಲಿ ಮರಾಠಿಯಲ್ಲೇ ಉಳಿಯಿತು. ಎರಡು ದಾರಿಗಳಲ್ಲಿ ಹೆಚ್ಚು ಧೈರ್ಯದ್ದು ಗೊಂದಲಿಗರದೇ ಎನ್ನಬೇಕು. ಭಾಷೆ ಬಿಟ್ಟರೆ ಎಲ್ಲವೂ ಹೋದೀತೆಂಬ ಹೆದರಿಕೆ ಅವರಿಗಿರಲಿಲ್ಲ. ಇದ್ದಿದ್ದರೆ ಅವರ ಕಲೆ ಮೂರು ನಾಲ್ಕು ಸರದಾರರ ವಾಡೆಗಳಾಚೆ ಬರುತ್ತಲೇ ಇರಲಿಲ್ಲ.

2025ರಲ್ಲಿ ಪದ್ಮಶ್ರೀ ಪಡೆದ ಬಾಗಲಕೋಟೆಯ ಗೊಂದಲಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ ಅವರ ಹೆಸರಿನಲ್ಲೇ ಅಂಬೆ ಇದ್ದಾಳೆ. ಅವರ ಬಾಯಲ್ಲಿ ಗೊಂದಲಿ ಪದಗಳ ಜೊತೆಗೆ ದಾಸರ ಪದ, ವಚನ, ತತ್ತ್ವಪದಗಳೂ ಇವೆ. ಸಾವಿರಕ್ಕೂ ಹೆಚ್ಚು ಗೊಂದಲಿ ಪದ ಹಾಡಿದವರು, ನೂರಾರು ಜನರಿಗೆ ಹಣ ಮುಟ್ಟದೆ ಕಲಿಸಿದವರು ಎಂದು ದೇಶ ಅವರನ್ನು ಕೊಂಡಾಡಿತು. ಆ ವೇಳೆಗೆ ಅವರಿಗೆ ಎಂಬತ್ತು ದಾಟಿತ್ತು. ಅಂಗಳದ ಕಲೆಗೆ ಸಂದ ಈ ಗೌರವ ಜಿಲ್ಲೆಯ ಎಲ್ಲ ಗೊಂದಲಿಗರ ಮನೆಗೂ ತಲುಪಿದ್ದು ಸಹಜ.

ಮೇಳಗಳ ಸಂಚಾರ ಒಂದೇ ದಿಕ್ಕಿನದಾಗಿರಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು. ರಬಕವಿಯ ಅಂದಿನ ಒಡೆಯರಾದ ಸಾಂಗಲಿಯ ಚಿಂತಾಮಣರಾವ್ ಪಟವರ್ಧನರ ಮುಂದೆ 1842ರ ಸುಮಾರಿಗೆ ಹೊನ್ನಾವರ ಕಡೆಯ ಕರ್ಕಿಯ ಯಕ್ಷಗಾನ ಮೇಳ ಆಟವಾಡಿತು. ಆಟ ನೋಡಿದ ದೊರೆ, ಮರಾಠಿಯಲ್ಲೂ ಇಂಥದ್ದಾಗಬೇಕೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದ. 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿಗರು ಇಂದಿಗೂ ಆ ದಿನವನ್ನು ರಂಗಭೂಮಿ ದಿನವೆಂದು ಆಚರಿಸುತ್ತಾರೆ.

ಘಟಪ್ರಭೆಯ ಆಚೆ ದಡದಲ್ಲಿ ಇನ್ನೊಂದು ಕಥೆ. ಅಪರಾಳ ತಮ್ಮಣ್ಣನ ಪಾರಿಜಾತದ ಆಟವನ್ನು ಕುಲಗೋಡ ತಮ್ಮಣ್ಣ ಹೊಸದಾಗಿ ಕಟ್ಟಿ ‘ಶ್ರೀಕೃಷ್ಣ ಪಾರಿಜಾತ’ವನ್ನು ಮುಧೋಳ, ಲೋಕಾಪುರ, ರಬಕವಿ ಸೀಮೆಗೆಲ್ಲ ಪ್ರಿಯವಾಗಿಸಿದ. ಆಂಧ್ರದ ಭಾಮಾಕಲಾಪದ ಸತ್ಯಭಾಮೆಗೂ ಇಲ್ಲಿಯ ಸತ್ಯಭಾಮೆಗೂ ಸಿಟ್ಟು ಒಂದೇ, ಆಡುವ ಮಾತು ಬೇರೆ. ಕೌಜಲಗಿ ನಿಂಗಮ್ಮ ಆ ಪಾತ್ರದಿಂದ ಮನೆಮಾತಾದಳು. ಹೆಣ್ಣುಮಕ್ಕಳು ಬಣ್ಣ ಹಚ್ಚುವುದು ಸುಲಭವಲ್ಲದ ಕಾಲ ಅದು. ಪಾರಿಜಾತದ ಮೇಳಗಳೂ ಗೊಂದಲಿಗರಂತೆ ಊರೂರು ತಿರುಗಿದವು. ಅವುಗಳಿಗೆ ವೀಳ್ಯ ಕೊಡುತ್ತಿದ್ದುದು ಮನೆಯಲ್ಲ, ಊರು. ಈ ವ್ಯತ್ಯಾಸ ಮುಖ್ಯವಾದದ್ದು. ಜಾತ್ರೆ ಇರುವ ತನಕ ಪಾರಿಜಾತಕ್ಕೆ ಜಾಗವಿದೆ, ಮನೆಯ ಹರಕೆ ಇರುವ ತನಕ ಗೊಂದಲಕ್ಕೆ.

ಬೀಳಗಿಯಿಂದ ಹೊರಟವರ ಕಥೆಯಲ್ಲಿ ಮೇಳವಿಲ್ಲ, ಇಬ್ಬರು ಅಕ್ಕತಂಗಿಯರಿದ್ದಾರೆ. ಗೋಹರಬಾಯಿ ಮತ್ತು ಅಮೀರಬಾಯಿ ಕನ್ನಡ ನಾಟಕಗಳಲ್ಲಿ ಹಾಡಿ ಬೆಳೆದವರು. ಮುಂಬಯಿಗೆ ಹೋದ ಮೇಲೆ ಇಬ್ಬರೂ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡದ್ದು ‘ಕರ್ನಾಟಕಿ’ ಎಂದು. ಕರ್ನಾಟಕ ಎಂಬ ರಾಜ್ಯ ಆಗಿನ್ನೂ ಇರಲಿಲ್ಲ. ಗೋಹರಬಾಯಿ ಬಾಲಗಂಧರ್ವರ ಕಂಪನಿ ಸೇರಿ, ಆ ಮಹಾನಟ ಮುಪ್ಪಿನಲ್ಲಿ ಕುಸಿದಾಗ ಆಸರೆಯಾಗಿ ನಿಂತಳು. ಅದಕ್ಕಾಗಿ ಮರಾಠಿ ಪ್ರೇಕ್ಷಕರ ಮುನಿಸನ್ನೂ ಹೊತ್ತಳು. ಅಮೀರಬಾಯಿ 1940ರ ‘ನರಸೀ ಭಗತ್’ ಚಿತ್ರಕ್ಕೆ ಹಾಡಿದ ವೈಷ್ಣವ ಭಜನೆಯನ್ನು ಗಾಂಧೀಜಿ ಮೆಚ್ಚಿದ್ದರು. ಅವಳು ಹಾಡಿದ 1943ರ ‘ಕಿಸ್ಮತ್’ ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಮರುವರ್ಷದ ‘ರತನ್’ನಲ್ಲೂ ಅವಳ ದನಿ ಇದೆ. 1948ರ ‘ಶಹನಾಜ್’ ಚಿತ್ರಕ್ಕೆ ಸಂಗೀತ ಸಂಯೋಜನೆ ಮಾಡಿದಳು. ದುಡಿದ ದುಡ್ಡಿನ ಒಂದು ಭಾಗವನ್ನು ತನ್ನ ಸೀಮೆಗೆ ಮರಳಿ ತಂದು ಹಾಕಿದ್ದಕ್ಕೆ ವಿಜಯಪುರದ ಅಮೀರ್ ಟಾಕೀಸು ಸಾಕ್ಷಿ. 1965ರಲ್ಲಿ ತೀರಿಕೊಂಡಳು. ರಹಮತ್ ತರೀಕೆರೆಯವರು ಅವಳ ಬದುಕಿನ ಮೇಲೆ ಇಡೀ ಪುಸ್ತಕ ಬರೆದು ಕನ್ನಡಕ್ಕೆ ಉಪಕಾರ ಮಾಡಿದರು. ಮುಂಬಯಿಯಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ನು, 1933ರ ಕರ್ನಾಟಕ ಸಂಘ ಕನ್ನಡಿಗರನ್ನು ಒಂದು ಸೂರಿನಡಿ ತಂದವು. ಬೀಳಗಿಯ ಸೋದರಿಯರು ಯಾವ ಸಂಘವೂ ಬೆನ್ನಿಗಿಲ್ಲದೆ ಹೆಸರಿನ ಬಲದಿಂದಲೇ ತಮ್ಮ ನಾಡನ್ನು ಜೊತೆಗಿಟ್ಟುಕೊಂಡರು.

ಬೀಳಗಿಗೆ ನೆಲೆ ತಪ್ಪಿದ ಅನುಭವ ಇನ್ನೊಂದು ಬಗೆಯಲ್ಲೂ ಬಂತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬೀಳಗಿ, ಬಾಗಲಕೋಟೆ ತಾಲೂಕುಗಳ ಹಳ್ಳಿಗಳನ್ನು, ಬಾಗಲಕೋಟೆ ಪಟ್ಟಣದ ಒಂದು ಭಾಗವನ್ನು ನುಂಗಿತು. ಜನ ಪುನರ್ವಸತಿ ಕೇಂದ್ರಗಳಿಗೆ, ನವನಗರಕ್ಕೆ ಚದುರಿದರು. ಹಕ್ಕಿನ ಮನೆಗಳ ಏರ್ಪಾಡಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಒಂದೇ ಓಣಿಯ ಹತ್ತು ಮನೆ ಹತ್ತು ದಿಕ್ಕಿಗೆ ಹೋದರೆ ಮೇಳದವರು ಯಾವ ಬಾಗಿಲು ತಟ್ಟಬೇಕು? ಬರಗಾಲಕ್ಕೆ, ಕೂಲಿಗೆ ಗೋವಾ, ಮಂಗಳೂರು, ಮುಂಬಯಿ ಹಿಡಿದ ಕುಟುಂಬಗಳು ಬೇರೆ. ಮದುವೆಗಳು ಕಲ್ಯಾಣ ಮಂಟಪಕ್ಕೆ ಹೋದ ಮೇಲೆ ರಾತ್ರಿ ಚೌಕ ತುಂಬುವುದಕ್ಕೆ ಅಂಗಳವೂ ಇಲ್ಲವಾಯಿತು.

ಗೊಂದಲಿಗರನ್ನು ಕರ್ನಾಟಕ ಸರ್ಕಾರ ಜೋಶಿ, ಬುಡಬುಡಕಿ, ಹೆಳವ, ವಾಸುದೇವರ ಜೊತೆಗೆ ಪ್ರವರ್ಗ 1ರಲ್ಲಿ ಇಟ್ಟಿದೆ. ಅಲೆಮಾರಿ ಸಮುದಾಯಗಳಿಗೆಂದು ಇರುವ ಯೋಜನೆಗಳು ಓದುವ ಮಕ್ಕಳಿಗೆ ಉಪಯೋಗಕ್ಕೆ ಬಂದಿವೆ. ಹಿರಿಯರಲ್ಲಿ ಹಲವರು ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರಕ್ಕೆ ಇಳಿದರು. ಹಾಡಿ ದೇವಿಯನ್ನು ಕರೆಯುತ್ತಿದ್ದ ಗಂಟಲಿನಲ್ಲೇ ಓಣಿಯಲ್ಲಿ ಪಾತ್ರೆ ಕೂಗುತ್ತ ಹೊಟ್ಟೆ ಹೊರೆದವರು ಅವರು. ದುಡಿಮೆಯಲ್ಲಿ ಅವಮಾನವೇನಿಲ್ಲ. ಆದರೆ ಹಗಲೆಲ್ಲ ಬುಟ್ಟಿ ಹೊತ್ತವರಿಗೆ ರಾತ್ರಿಯೆಲ್ಲ ಕಥೆ ಹೇಳುವ ಕಸುವು ಎಲ್ಲಿಂದ ಬರಬೇಕು, ಮಗನಿಗೆ ಹೇಳಿಕೊಡುವ ಹೊತ್ತಾದರೂ ಎಲ್ಲಿ ಸಿಗಬೇಕು?

ಗೊಂದಲ ಈಗಲೂ ನಡೆಯುತ್ತದೆ, ಆದರೆ ಎರಡು ತಾಸಿನದು. ಚೌಕ ತುಂಬುವುದು, ಕರೆಯುವುದು, ಆರತಿ ಇಷ್ಟೂ ಉಳಿದಿವೆ. ಕತ್ತರಿ ಬಿದ್ದಿರುವುದು ನಡುವಿನ ಕಥೆಗೆ. ಸರ್ಕಾರಿ ಉತ್ಸವಗಳ ವೇದಿಕೆಯಲ್ಲಂತೂ ಹತ್ತು ಹದಿನೈದು ನಿಮಿಷದಲ್ಲಿ ಸಂಬಾಳದ ಅಬ್ಬರವೊಂದನ್ನೇ ತೋರಿಸಿ ಇಳಿಯಬೇಕು. ಜೊತೆಗಾರನ ಪ್ರಶ್ನೆಗಳಿಗೆ, ನಾಯಕನ ನಿಧಾನದ ವಚನಕ್ಕೆ ಅಲ್ಲಿ ವೇಳೆ ಇಲ್ಲ. ಗೊಂದಲದ ಸಾಹಿತ್ಯವೆಲ್ಲ ಇರುವುದೇ ಆ ನಡುವಿನ ಭಾಗದಲ್ಲಿ. ಜಾನಪದ ಅಕಾಡೆಮಿ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ಜಮಖಂಡಿ, ಮುಧೋಳ, ರಬಕವಿ–ಬನಹಟ್ಟಿ, ಬೀಳಗಿ ಈ ನಾಲ್ಕು ತಾಲೂಕುಗಳ ಹಿರಿಯ ಮೇಳಗಳಿಂದ ಒಂದೊಂದು ಇಡೀ ರಾತ್ರಿಯ ಗೊಂದಲವನ್ನು ಧ್ವನಿ, ಚಿತ್ರಗಳಲ್ಲಿ ಹಿಡಿದಿಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಅದನ್ನು ಸ್ಟುಡಿಯೊದಲ್ಲಿ ಮಾಡಬಾರದು. ಹರಕೆ ಹೊತ್ತ ಮನೆಯ ಅಂಗಳದಲ್ಲಿ, ಕೇಳುವ ಜನರ ಎದುರಿಗೆ, ಪೂರ್ತಿ ಸಂಭಾವನೆ ಕೊಟ್ಟು ಮಾಡಬೇಕು. ಜೊತೆಗೆ ಪ್ರತಿ ಮೇಳದ ಹಕ್ಕಿನ ಮನೆಗಳ ಪಟ್ಟಿಯನ್ನೂ, ಕರೆಯುವ ಹಾಡಿನಲ್ಲಿ ಯಾವ ಊರಿನ ದೇವರು ಯಾವುದರ ನಂತರ ಬರುತ್ತದೆ ಎಂಬುದನ್ನೂ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಜಮಖಂಡಿಯ ಮೇಳದ ಸಾಲಿಗೂ ಮುಧೋಳದ ಮೇಳದ ಸಾಲಿಗೂ ವ್ಯತ್ಯಾಸ ಕಂಡರೆ, ಯಾವ ಕುಟುಂಬ ಯಾವ ದಾರಿಯಿಂದ ಇಲ್ಲಿಗೆ ಬಂತೆಂದು ತಿಳಿಯುವುದಕ್ಕೆ ಆ ಸಾಲುಗಳೇ ಮೊದಲ ಆಧಾರ.